ಕಣ್ಣಳತೆಯ ಅರವತ್ತೈದು ಕಿಲೋ

ಶನಿವಾರ ಬೆಳಿಗ್ಗೆ ಏಳೂವರೆಗೆ ಬೇಕರಿಯಾಕೆ ಪ್ಯಾಡಲ್ ಬೋರ್ಡಿನ ಮೇಲಿಂದ ಸರೋವರಕ್ಕೆ ಬಿದ್ದಳು. ನೀರು ಸೊಂಟದ ಮಟ್ಟಕ್ಕಿತ್ತು, ಲೈಫ್ ಜಾಕೆಟ್ ಹಾಕಿಕೊಂಡಿದ್ದಳು, ಪೆಟ್ಟೇನೂ ಆಗಲಿಲ್ಲ. ಮತ್ತೆ ಬೋರ್ಡ್ ಹತ್ತಿದಳು, ನಡುಗುತ್ತ ಎದ್ದು ನಿಂತಳು, ಮತ್ತೆ ಬಿದ್ದಳು.

ಯಾಕೆ ಬೀಳುತ್ತಿದ್ದಾಳೆಂದು ದಡದಲ್ಲಿ ಟವೆಲ್ ಹಿಡಿದು ನಿಂತಿದ್ದ ಗಂಡನಿಗೆ ಗೊತ್ತಿತ್ತು. ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಅವನು ತೂಕದ ಯಂತ್ರಗಳ ರಿಪೇರಿಯವನು. ಅಂಗಡಿ, ಗೋದಾಮು, ಆಸ್ಪತ್ರೆಗಳಿಗೆ ಹೋಗಿ ಯಂತ್ರ ಬಿಚ್ಚಿ, ಸರಿಮಾಡಿ, ತೂಕದ ಬೊಟ್ಟು ಇಟ್ಟು ಪರೀಕ್ಷಿಸಿ ಬರುವುದು ಅವನ ಕೆಲಸ. ಅವಳ ಪರಿಚಯವಾದದ್ದೂ ಬೇಕರಿಯ ತಕ್ಕಡಿ ಕೆಟ್ಟಿದ್ದರಿಂದಲೇ. ಮೂಟೆಯಾಗಲಿ ಮನುಷ್ಯನಾಗಲಿ, ಅವನು ಕಣ್ಣಳತೆಯಲ್ಲಿ ಹೇಳಿದ ತೂಕ ಒಂದು ಕಿಲೋ ಆಚೀಚೆ ಆಗುತ್ತಿರಲಿಲ್ಲ. ನೆಂಟರು ಸೇರಿದಾಗ ಒಬ್ಬೊಬ್ಬರಾಗಿ ಅವನೆದುರು ನಿಂತು ಹೇಳಿಸಿಕೊಂಡು ನಗುತ್ತಿದ್ದರು. ಹೆಂಡತಿ ಮಾತ್ರ ಯಾವತ್ತೂ ನಿಂತವಳಲ್ಲ. ಊರಿನ ಯಂತ್ರಗಳೆಲ್ಲ ಅವನ ಕೈಮೇಲೆ ಹೋಗುತ್ತಿದ್ದರೂ ಅವರ ಮನೆಯಲ್ಲಿ ಒಂದೂ ಇರಲಿಲ್ಲ. ಅದು ಅವಳ ಕಟ್ಟಪ್ಪಣೆ.

ಬೋರ್ಡ್ ಕೊಂಡದ್ದು ಅವಳ ತಂಗಿಯ ಸಲುವಾಗಿ. ತಂಗಿ ನರ್ಸ್, ದೂರದ ಊರಿನ ಆಸ್ಪತ್ರೆಗೆ ವರ್ಗವಾಗಿ ಭಾನುವಾರ ಹೊರಡುವವಳಿದ್ದಳು. ಸರೋವರದ ನಡುವೆ ಒಂದು ದ್ವೀಪವಿದೆ. ಚಿಕ್ಕಂದಿನಲ್ಲಿ ಅಕ್ಕತಂಗಿ ದಡದಲ್ಲಿ ಕೂತು ಅದನ್ನು ನೋಡುತ್ತಿದ್ದರೇ ಹೊರತು, ಅಪ್ಪ ನೀರಿಗೆ ಇಳಿಯಗೊಟ್ಟಿರಲಿಲ್ಲ. ತಂಗಿ ಈಚೆಗೆ ಪ್ಯಾಡಲ್ ಬೋರ್ಡಿನ ಮೇಲೆ ನಿಂತು ಹುಟ್ಟು ಹಾಕುವುದನ್ನು ಕಲಿತಿದ್ದಳು. ಹೊರಡುವ ಮೊದಲು ಅಕ್ಕನ ಜೊತೆ ದ್ವೀಪಕ್ಕೆ ಹೋಗಿಬರಬೇಕೆಂದು ಹಟ ಹಿಡಿದಳು. ಅಕ್ಕನಿಗೂ ಅದೇ ಬೇಕಿತ್ತು.

ಗಂಡ ಹೆಂಡತಿ ಬೋರ್ಡ್ ಕೊಳ್ಳಲು ಹೋದಾಗ ಸಿಕ್ಕ ಅಂಗಡಿಯಾಕೆ ಆತುರದವಳಲ್ಲ. ಗಾಳಿ ತುಂಬುವುದೋ ಗಟ್ಟಿಯದೋ ಎನ್ನುವುದು ಮನೆಯಲ್ಲಿರುವ ಜಾಗಕ್ಕೆ ಬಿಟ್ಟದ್ದು ಎಂದಳು. ಅಗಲದ್ದು ನಿಧಾನ, ಆದರೆ ಅಲುಗುವುದಿಲ್ಲ. ಕಿರಿದು ಬಾಣದ ಹಾಗೆ ಹೋಗುತ್ತದೆ, ಆದರೆ ಹೊರುವಷ್ಟೇ ಹೊರುತ್ತದೆ. ಭಾರ ಮೀರಿದರೆ ಅಂಚು ಮುಳುಗಿ ತೊನೆಯುತ್ತದೆ. ಇಷ್ಟು ಹೇಳಿ, ಹತ್ತುವವರ ತೂಕವೆಷ್ಟು ಎಂದು ಕೇಳಿದಳು.

ಹೆಂಡತಿ ಗಂಡನ ಮುಖ ನೋಡಿದಳು. ಪಕ್ಕದಲ್ಲಿ ಹುಟ್ಟು ಆರಿಸುತ್ತಿದ್ದ ಗಿರಾಕಿಗಳಿಬ್ಬರು ತಿರುಗಿ ನೋಡಿದರು. ಅವನ ಕಣ್ಣಿಗೆ ಅವಳು ಎಂಬತ್ತೆರಡು ಕಿಲೋ ಇದ್ದಳು.

“ಅರವತ್ತೈದು,” ಅಂದ.

ಅಂಗಡಿಯಾಕೆ ಅವಳನ್ನೊಮ್ಮೆ ಅಡಿಯಿಂದ ಮುಡಿವರೆಗೆ ನೋಡಿ, ಖಂಡಿತವೇ ಎಂದಳು.

“ಇವರ ಕಣ್ಣಳತೆ ತಪ್ಪಲ್ಲ ಬಿಡಿ,” ಅಂದಳು ಹೆಂಡತಿ. “ತಕ್ಕಡಿಗೇ ಬುದ್ಧಿ ಹೇಳೋರು.”

ತನ್ನ ಸುಳ್ಳಿಗೆ ಅವಳೂ ತಾಳ ಹಾಕುತ್ತಿದ್ದಾಳೆ ಎಂದುಕೊಂಡ ಅವನು. ಕಿರಿದಾದ ಬೋರ್ಡನ್ನು ಕಾರಿನ ಮೇಲೆ ಕಟ್ಟಿಕೊಂಡು ಬಂದರು. ದಾರಿಯುದ್ದಕ್ಕೂ ಅವಳು ಗುನುಗುತ್ತಿದ್ದಳು.

ಶನಿವಾರ ತಂಗಿ ತನ್ನ ಬೋರ್ಡಿನ ಮೇಲೆ ನಿಂತು ಕಾಯುತ್ತಿದ್ದಳು. “ಮಂಡಿ ಬಗ್ಗಿಸಕ್ಕಾ, ದೂರ ನೋಡು. ಮೀನುಗಳಿಗೆಲ್ಲ ಯಾಕೆ ಅಡ್ಡಬೀಳ್ತೀಯ?” ಎಂದು ಮೊದಲು ನಗಿಸಿದಳು. ಆಮೇಲೆ ಅವಳ ನಗು ನಿಂತಿತು. ಅಕ್ಕ ಹತ್ತಿದಾಗಲೆಲ್ಲ ನೀರು ಬೋರ್ಡಿನ ಮೇಲೆ ಹರಿಯುತ್ತಿತ್ತು.

“ಭಾವ, ಇದ್ಯಾಕೋ ಮುಳುಗ್ತಿದೆ. ಅಂಗಡಿಯಲ್ಲಿ ತೂಕ ಕೇಳಿದ್ರಾ?”

“ಕೇಳಿದ್ರು,” ಅಂದ. ಕೇಳಿದ್ದು ನಿಜವೇ.

ಅವನ ಬೆನ್ನ ಹಿಂದೆ, ಗೋಡೆಗೆ ಒರಗಿಸಿದ ಅಗಲದ ಬೋರ್ಡುಗಳು ಬಾಡಿಗೆಗೆ ಇದ್ದವು. ಬಾಡಿಗೆಯ ಸರದಿಯಲ್ಲಿ ಹತ್ತಾರು ಜನ ನಿಂತಿದ್ದರು. ಅವನು ಟವೆಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

ಕೊನೆಗೆ ಅವಳು ಮೇಲೆ ಬಂದಳು. ಇದು ನನ್ನ ಕೈಲಾಗುವುದಲ್ಲ, ನೀನು ಹೋಗಿ ಬಾ ಎಂದು ತಂಗಿಗೆ ಹೇಳಿದಳು. ಅಕ್ಕನನ್ನು ಬಿಟ್ಟು ಹೋಗಲು ತಂಗಿ ಒಪ್ಪಲಿಲ್ಲ. ಮೂವರೂ ದಡದ ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಮನೆಗೆ ಬಂದರು.

ಭಾನುವಾರ ತಂಗಿಯನ್ನು ರೈಲು ಹತ್ತಿಸಿ ಬಂದ ಮೇಲೆ, ಅವಳು ಹಿತ್ತಿಲಲ್ಲಿ ಬೋರ್ಡ್ ಒರೆಸುತ್ತ ಕೂತಳು. ಯಾರಾದರೂ ಹರೆಯದವರಿಗೆ ಕೊಟ್ಟುಬಿಡೋಣ ಅಂದಳು.

“ಹೊಸ ವರ್ಷದಿಂದ ಬೇಕರಿಯದ್ದು ಒಂದು ತುಣುಕು ಬಾಯಿಗೆ ಹಾಕಿಲ್ಲ. ಅರವತ್ತೈದಕ್ಕೆ ಇಳಿದೂ ನಿಲ್ಲೋಕಾಗಲಿಲ್ಲ ಅಂದ್ರೆ, ನನ್ನ ಕಾಲಲ್ಲಿ ಶಕ್ತಿನೇ ಇಲ್ಲ.”

ಅವಳು ತಾಳ ಹಾಕಿರಲಿಲ್ಲ, ನಂಬಿದ್ದಳು ಎನ್ನುವುದು ಅವನಿಗೆ ಆಗ ತಿಳಿಯಿತು.

“ಅರವತ್ತೈದಲ್ಲ,” ಅಂದ.

“ಮತ್ತೆ?”

“ಎಂಬತ್ತೆರಡು.”

ಅವಳ ಕೈಯ ಬಟ್ಟೆ ನಿಲ್ಲಲಿಲ್ಲ. ಒರೆಸಿದ ಕಡೆಯೇ ಒರೆಸಿದಳು. ಅಷ್ಟು ಜನರೆದುರು ನಿನ್ನ ತೂಕವನ್ನು ಹೇಗೆ ಹೇಳುವುದೆಂದು ತೋಚದೆ ಹಾಗಂದೆ ಎಂದು ಅವನು ಸಮಜಾಯಿಷಿ ಕೊಟ್ಟ. ಅವಳು ಪೂರ್ತಿ ಕೇಳಿದಳು.

“ಅಂಗಡಿಯಲ್ಲಿ ಹೇಳಲಿಲ್ಲ, ಸರಿ. ದಡದಲ್ಲಿ ಅಗಲದ್ದು ನಿಮ್ಮ ಬೆನ್ನ ಹಿಂದೆನೇ ಇತ್ತು. ತೂಕದ ಸುದ್ದಿ ಎತ್ತೋದೇ ಬೇಡ, ‘ಅದನ್ನ ತಗೊಂಡು ನೋಡು’ ಅನ್ನೋಕೆ ಏನಾಗಿತ್ತು? ನಾನು ಬಿದ್ದದ್ದು ಹೋಗಲಿ ರೀ. ತಂಗಿ ಅಷ್ಟು ಹೊತ್ತು ನೀರಲ್ಲಿ ಕಾದಳಲ್ಲ.”

ಆ ಮಾತು ಅವನಿಗೆ ದಡದಲ್ಲಿ ಹೊಳೆದೇ ಇರಲಿಲ್ಲ.

ಮಂಗಳವಾರ ಬೋರ್ಡ್ ಬದಲಾಯಿಸಲು ಹೋದರು. ಅಂಗಡಿಯಾಕೆ ಮತ್ತೆ ತೂಕ ಕೇಳಿದಳು. ಹೆಂಡತಿ ಈ ಸಲ ಗಂಡನ ಕಡೆ ತಿರುಗದೆ ತಾನೇ ಹೇಳಿದಳು. ಬೇರೆ ಗಿರಾಕಿಗಳಿದ್ದರು; ಯಾರೂ ತಿರುಗಿ ನೋಡಲಿಲ್ಲ.

ಮುಂದಿನ ಶನಿವಾರ ಅವಳು ಅಗಲದ ಬೋರ್ಡಿನ ಮೇಲೆ ನಿಂತಳು. ಬೀಳಲಿಲ್ಲ. ದಡದ ಗುಂಟ ಜೊಂಡಿನ ತನಕ ಹುಟ್ಟು ಹಾಕಿಕೊಂಡು ಹೋಗಿ, ಹಾಗೇ ಹಿಂದಕ್ಕೆ ಬಂದಳು. ದ್ವೀಪದ ಕಡೆಗೆ ಹೋಗಲಿಲ್ಲ.