ಅಳೆಯದೆ ಹಾಕಿದ ಸಹಿ

ಪುಟ್ಟಮಾದು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕುಮಾರಿ ಕೆಲಸಕ್ಕೆ ರಜೆ ಹಾಕಿ ಚಂದಕವಾಡಿಯಲ್ಲೇ ಉಳಿದಿದ್ದಳು. ಅವನು ಅವಳ ತಾಯಿ ಮರಿತಾಯಮ್ಮನ ತಮ್ಮ. ಹದಿನೆಂಟು ವರ್ಷದಿಂದ ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿದ್ದರು. ಮರಿತಾಯಮ್ಮ ಅನ್ನ ಕಲೆಸಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅಕ್ಕನ ಕೈಯಲ್ಲಿ ಉಣ್ಣುವುದನ್ನು ಯಾರಾದರೂ ನೋಡಿಯಾರು ಎಂದು ಅವನು ಗೋಡೆಯ ಕಡೆ ಮುಖ ಮಾಡಿ ಅಗಿಯುತ್ತಿದ್ದ.

ಊಟವಾದ ಮೇಲೆ ಎಡಗೈಯಿಂದ ಜೇಬು ತಡಕಿ ಒಂದು ಕಾಗದ ತೆಗೆದು ಕುಮಾರಿಗೆ ಕೊಟ್ಟ. ಕಾರಣ ಕೇಳಿ ಬಂದ ನೋಟಿಸು. ನೆಲದೊಳಗಿನ ಕೇಬಲ್ಲಿನಲ್ಲಿ ದೋಷ ಉಳಿದಿರುವಾಗಲೇ ಎಲ್ಲ ಸರಿಯಾಗಿದೆಯೆಂದು ಹೇಳಿ ಕರೆಂಟು ಕೊಡಿಸಿದ್ದು ನಿಮ್ಮ ನಿರ್ಲಕ್ಷ್ಯವಲ್ಲವೇ ಎಂದು ಅದರಲ್ಲಿತ್ತು.

“ಮಿಷಿನ್ನು ಒಂದೇ ಕಡೆ ಅಂತ ತೋರುಸ್ತು ಕಣಮ್ಮಿ,” ಎಂದ ಪುಟ್ಟಮಾದು. “ಅಲ್ಲೇ ಅಗೆದೋ, ಕೇಬಲ್ಲು ಗಾಯ ಆಗಿತ್ತು, ಕುಯ್ದು ಜಾಯಿಂಟ್ ಆಕ್ದೋ. ತಿರ‍್ಗ ಮಿಷಿನ್ ಇಟ್ಟು ನೋಡುದ್ರೆ ಪರದೆ ಮ್ಯಾಲೆ ಜಾಯಿಂಟಿಂದು ಸಣ್ ಉಬ್ಬು ಬುಟ್ರೆ ಇನ್ನೇನೂ ಇಲ್ಲ. ಕರೆಂಟ್ ಕೊಡಿ ಅಂದೆ. ನಾನಿನ್ನೂ ಗುಂಡಿತಾವ ಸಾಮಾನ್ ಎತ್ಕೋತಾ ಇವ್ನಿ, ಜಾಯಿಂಟಿಂದ ಒಂದೂವರೆ ಮೊಳ ಆಚ್ಗೆ ಮಣ್ಣೊಳಗಿಂದ ಸಿಡೀತು.”

“ಎರಡನೇ ಗಾಯ ಇತ್ತಾ ಮಾವ, ಅಲ್ಲಿ?”

“ಇತ್ತು. ಮಿಷಿನ್ನು ಯೋಳ್ನಿಲ್ಲ.”

ಅವನ ಫೋನಿನಲ್ಲಿ ಆ ದಿನದ ಚಿತ್ರಗಳಿದ್ದವು. ಮೂರನೆಯ ಚಿತ್ರದಲ್ಲಿ ಹಳದಿ ಪೆಟ್ಟಿಗೆಯ ಮಿಷಿನ್ನು, ಅದರ ಪಕ್ಕಕ್ಕೆ ಅಂಟಿಸಿದ ಚೀಟಿ, ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ನೂರಾ ಹದಿನೇಳು. ಏಳರ ಹೊಟ್ಟೆಗೆ ಅಡ್ಡಗೆರೆ. ಕುಮಾರಿ ಏಳನ್ನು ಹಾಗೇ ಬರೆಯುತ್ತಿದ್ದಳು.

ಅವಳು ಗುಂಡ್ಲುಪೇಟೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಟೆಸ್ಟಿಂಗ್ ಮಾಡುತ್ತಿದ್ದಳು. ಪುಟ್ಟಮಲ್ಲಪ್ಪ ಯಜಮಾನ, ಬಿ.ಇ. ಓದಿದ ಮಗ ದಿಲೀಪ್ ಎಲ್ಲ ನೋಡಿಕೊಳ್ಳುತ್ತಿದ್ದ. ಕೇಬಲ್ಲಿನ ದೋಷ ಹುಡುಕುವ ಮಿಷಿನ್ನು ಅಲ್ಲಿ ತಯಾರಾಗುತ್ತಿತ್ತು. ಬೆಟ್ಟಕ್ಕೆ ಕೂಗಿದರೆ ದನಿ ತಿರುಗಿ ಬರುವಂತೆ, ಅದು ಕೇಬಲ್ಲಿನೊಳಗೆ ಒಂದು ಪಲ್ಸ್, ಎಂದರೆ ಕ್ಷಣಮಾತ್ರದ ಕರೆಂಟಿನ ತಟ್ಟು, ಕಳಿಸಿ, ಮರಳಿ ಬಂದ ಪಲ್ಸನ್ನು ನೋಡಿ ಗಾಯ ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ. ಆ ಪಲ್ಸ್ ಸೊನ್ನೆಯಿಂದ ತುದಿಗೆ ಏರಲು ಎರಡು ನ್ಯಾನೋಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಎರಡು ಚೂರು. ನಿಧಾನವಾಗಿ ಏರಿದರೆ ಅಕ್ಕಪಕ್ಕದ ಎರಡು ಗಾಯ ಕಲೆತು ಒಂದೇ ಉಬ್ಬಾಗಿ ಕಾಣುತ್ತವೆ.

ಪಲ್ಸನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಕಾರ್ಖಾನೆಯಲ್ಲಿ ಒಂದಿತ್ತು, ಯಾವ ಕಾಲದ್ದೋ. ಅದರ ಪರದೆಯ ಗೆರೆಯೇ ಏರಲು ಹದಿನೇಳು ನ್ಯಾನೋಸೆಕೆಂಡು ತೆಗೆದುಕೊಳ್ಳುತ್ತಿತ್ತು. ಎರಡನ್ನು ಅದರಲ್ಲಿ ಅಳೆಯುವ ಮಾತೇ ಇರಲಿಲ್ಲ. ಕುಮಾರಿ ಸೇರಿದ ವರ್ಷವೇ ಇದನ್ನು ದಿಲೀಪನಿಗೆ ಹೇಳಿದ್ದಳು. “ಡಿಸೈನ್ ಸರಿ ಇದೆ, ನೀವು ಗೆರೆ ಬರುತ್ತಾ ನೋಡಿ ಸಾಕು,” ಎಂದಿದ್ದ. ಟೆಸ್ಟ್ ಹಾಳೆಯಲ್ಲಿ ಏರುವ ಸಮಯ ೧.೮ ಎಂದು ಮೊದಲೇ ಅಚ್ಚಾಗಿರುತ್ತಿತ್ತು. ಅದರ ಕೆಳಗೆ ಅವಳ ಸಹಿ. ನಾಲ್ಕು ವರ್ಷ, ಪ್ರತಿ ಹಾಳೆಗೂ.

ಫೋನನ್ನು ಮಾವನಿಗೆ ಕೊಟ್ಟು ಹಿತ್ತಿಲಿಗೆ ಹೋದಳು. ಒಗೆಯುವ ಕಲ್ಲಿನ ಮೇಲಿದ್ದ ತಾಮ್ರದ ಚೊಂಬನ್ನು ಎತ್ತಿ ಗೋಡೆಗೆ ಬೀಸಿ ಹೊಡೆದಳು. ಮರಿತಾಯಮ್ಮ ಓಡಿ ಬಂದು, “ಏನಾಯ್ತಮ್ಮಿ, ಉಚ್ಚಾ ನಿಂಗೆ?” ಎಂದಳು. ಕುಮಾರಿ ನೆಗ್ಗಿದ ಚೊಂಬನ್ನು ಎತ್ತಿ ಕಲ್ಲಿನ ಮೇಲಿಟ್ಟಳು.

ಮರುದಿನ ಕಾರ್ಖಾನೆಯಲ್ಲಿ ದಿಲೀಪ್ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಆಪರೇಟರ್ ತಪ್ಪು ಅದು. ಮಿಷಿನ್ ಹಿಡಿಯೋಕೆ ಬರದವರ ಕೈಗೆ ಕೊಟ್ರೆ ಇನ್ನೇನಾಗುತ್ತೆ? ಇಲ್ಲಾಂದ್ರೆ ನಿಮ್ಮ ಸೋಲ್ಡರಿಂಗ್ ಸರಿ ಇಲ್ಲ,” ಎಂದ. ಸುತ್ತ ಬೆಸುಗೆ ಹಾಕುತ್ತಿದ್ದ ಹನ್ನೆರಡು ಹೆಂಗಸರು ತಲೆ ತಗ್ಗಿಸಿ ಮಿಷಿನ್ನಿನ ಬೋರ್ಡುಗಳನ್ನು ನೋಡುತ್ತಿದ್ದರು.

ಕುಮಾರಿ ಕಪಾಟಿನಿಂದ ಎರಡು ವರ್ಷ ಹಿಂದಿನ ಒಂದು ಬೋರ್ಡು, ಹೊಸದೊಂದು ಬೋರ್ಡು ತೆಗೆದುಕೊಂಡಳು. ಗೇಟಿನ ಪುಸ್ತಕದಲ್ಲಿ ಎರಡರ ನಂಬರನ್ನೂ ತನ್ನ ಹೆಸರನ್ನೂ ಬರೆದು ಚಾಮರಾಜನಗರದ ಬಸ್ಸು ಹತ್ತಿದಳು. ತೆರಕಣಾಂಬಿ ದಾಟುವವರೆಗೂ ಮಡಿಲಲ್ಲಿದ್ದ ಚೀಲವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳುಗಳು ಜೋಮು ಹಿಡಿದಿದ್ದವು.

ಡಿಪ್ಲೊಮಾದಲ್ಲಿ ಅವಳಿಗೆ ಪಾಠ ಮಾಡಿದ್ದ ಶಾಂತರಾಜು ಈಗ ಅಲ್ಲಿನ ಕಾಲೇಜೊಂದರ ಲ್ಯಾಬಿನಲ್ಲಿದ್ದರು. ಲ್ಯಾಬಿಗೆ ಹೊಸದೊಂದು ವೇಗದ ಸ್ಕೋಪ್ ಬಂದಿತ್ತು. ಕುಮಾರಿ ಹಳೆಯ ಬೋರ್ಡನ್ನು ಜೋಡಿಸಿ, ಅಳೆಯುವ ಕಡ್ಡಿಯಂಥ ಪ್ರೋಬಿನ ಕರಿ ಗ್ರೌಂಡ್ ಕ್ಲಿಪ್ಪನ್ನು ಸಿಕ್ಕಿದ ಕಡೆ ಕಚ್ಚಿಸಿದಳು. ಪರದೆಯ ಗೆರೆ ಏರಿ, ತುದಿಯಲ್ಲಿ ಬಡಿಗೆಗೆ ಸಿಕ್ಕ ಹಾವಿನಂತೆ ಹೊರಳಾಡಿತು.

“ಕೋಪದಲ್ಲಿ ಅಳೀಬೇಡ,” ಎಂದರು ಶಾಂತರಾಜು. “ಆ ಕರಿ ವೈರು ಗೇಣುದ್ದ ಇದೆ. ಅದರ ಕುಣಿತವೂ ಸೇರಿ ಬರ‍್ತಾ ಇದೆ. ತೆಗಿ ಅದನ್ನ.”

ಅವಳು ವೈರನ್ನು ಕಿತ್ತು, ಪ್ರೋಬಿನ ಮೂತಿಗೇ ಪುಟ್ಟ ಸ್ಪ್ರಿಂಗು ಸುತ್ತಿ, ಪಲ್ಸ್ ಹೊರಡುವ ಜಾಗದ ಪಕ್ಕದಲ್ಲೇ ಗ್ರೌಂಡಿಗೆ ತಾಗಿಸಿದಳು. ಗೆರೆ ನೆಟ್ಟಗೆ ನಿಂತಿತು. ಹತ್ತರಲ್ಲೊಂದು ಪಾಲು ಎತ್ತರದಿಂದ ಒಂಬತ್ತು ಪಾಲು ಎತ್ತರಕ್ಕೆ ಏರಲು ೧.೯ ನ್ಯಾನೋಸೆಕೆಂಡು. ಹೊಸ ಬೋರ್ಡನ್ನು ಇಟ್ಟಳು. ೯.೧. ಮತ್ತೆ ಇಟ್ಟಳು. ೯.೧.

ಭೂತಗನ್ನಡಿಯಲ್ಲಿ ಎರಡನ್ನೂ ಹೋಲಿಸಿದರು. ಪಲ್ಸನ್ನು ತಳ್ಳುವ ಚಿಪ್ಪು ಬೇರೆ. ನೋಡಲು ಅದೇ ಆಕಾರ, ಮೇಲಿನ ಅಕ್ಷರ ಮಾತ್ರ ಬೇರೆ. ಅದಕ್ಕೆ ಕರೆಂಟು ಕೂಡಿಟ್ಟು ಕೊಡಲು ಪಕ್ಕದಲ್ಲೇ ಇರಬೇಕಾದ ಕೆಪಾಸಿಟರನ್ನೂ ಬೋರ್ಡಿನ ಮೂಲೆಗೆ ಅಟ್ಟಿದ್ದರು. ಶಾಂತರಾಜು ಹೇಳಿದರು: “ತಟ್ಟನೆ ಕರೆಂಟು ಬೇಕಾದಾಗ ಅಷ್ಟು ದೂರದಿಂದ ಬರೋ ಹೊತ್ತಿಗೆ ತಡ ಆಗೋಗುತ್ತೆ.”

ಕುಮಾರಿ ಅಲ್ಲೇ ಕೂತು ಕೆಪಾಸಿಟರನ್ನು ಬಿಡಿಸಿ ಚಿಪ್ಪಿನ ಕಾಲಿಗೇ ಅಂಟುವಂತೆ ಬೆಸೆದಳು. ೬.೪ಕ್ಕೆ ಇಳಿಯಿತು. ಶಾಂತರಾಜು ಡಬ್ಬ ಹುಡುಕಿ ಮೊದಲಿನ ಜಾತಿಯ ಚಿಪ್ಪೊಂದನ್ನು ಕೊಟ್ಟರು. ಅದನ್ನೂ ಹಾಕಿದಳು. ೧.೭.

“ನಿನ್ನ ಬೆಸುಗೆ ಚೆನ್ನಾಗಿದೆ,” ಎಂದರು ಮೇಷ್ಟ್ರು.

ಆ ಮಾತಿಗೆ ಅವಳಿಗೆ ಅಳು ಬಂತು. “ಸರ್, ಈ ಹೊಸ ಬೋರ್ಡು ಬಂದ್ಮೇಲೆ ಇಂಥವು ಅರವತ್ನಾಲ್ಕು ಹೊರಗೆ ಹೋಗವೆ. ಎಲ್ಲಕ್ಕೂ ಒಂದು ಪಾಯಿಂಟ್ ಎಂಟು ಅಂತ ಸೈನ್ ಮಾಡಿವ್ನಿ.”

ಮರುದಿನ ಪುಟ್ಟಮಲ್ಲಪ್ಪನ ಮೇಜಿನ ಮೇಲೆ ಅಳತೆಯ ಹಾಳೆಗಳನ್ನು ಇಟ್ಟಳು. ದಿಲೀಪ್ ಪಕ್ಕದಲ್ಲಿ ನಿಂತಿದ್ದ. “ಬೋರ್ಡ್ ಹೊರಗೆ ತಗೊಂಡು ಹೋಗೋಕೆ ಯಾರು ಪರ್ಮಿಷನ್ ಕೊಟ್ರು? ಇದು ಕಳ್ಳತನ,” ಎಂದ.

“ಗೇಟ್ ಬುಕ್ಕಲ್ಲಿ ಬರ‍್ದೇ ತಗೊಂಡೋಗಿವ್ನಿ. ಚಿಪ್ ಬದ್ಲಾಯ್ಸಿದ್ನ ಎಲ್ಲಿ ಬರ‍್ದಿದ್ದೀರಿ ಸರ್ ನೀವು?”

ಪುಟ್ಟಮಲ್ಲಪ್ಪ ಕನ್ನಡಕ ತೆಗೆದು ಮಗನನ್ನು ನೋಡಿದ. “ಬದ್ಲಾಯ್ಸಿದ್ಯಾ?”

“ಹಳೇದು ಸಿಗ್ತಿರಲಿಲ್ಲ ಅಪ್ಪಾಜಿ. ಇದೂ ಅದಕ್ಕೆ ಸಮ ಅಂತಾನೇ ಇತ್ತು.”

“ಅಳೆದು ನೋಡುದ್ಯಾ?”

ದಿಲೀಪ್ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದ. ಹಿರಿಯ ಕನ್ನಡಕ ಮತ್ತೆ ಹಾಕಿಕೊಂಡು ಕುಮಾರಿಯ ಕಡೆ ತಿರುಗಿದ. “ಆಯ್ತು ಬುಡವ್ವ. ಇನ್ಮೇಲೆ ಸರಿಯಾದ ಚಿಪ್ಪೇ ಹಾಕನ. ಹೊಸ ಸ್ಕೋಪೂ ತರ‍್ಸನ. ಆಗಿದ್ದು ಆಗೋಯ್ತು.”

“ಹೊರಗಿರೋ ಅರವತ್ನಾಲ್ಕು?”

“ಕೆಟ್ಟೋದಾಗ ರಿಪೇರಿಗೆ ಬತ್ತವಲ್ಲ, ಆಗ ಬದ್ಲಾಯ್ಸುದ್ರಾಯ್ತು.”

“ಅವು ಕೆಡಾಕಿಲ್ಲ ಸರ್! ಚೆನ್ನಾಗೇ ಓಡ್ತವೆ, ಓಡ್ತಾ ಸುಳ್ಳು ಯೋಳ್ತವೆ! ಕರೆಂಟ್ ಕಂಪನಿಗೆ ಇವತ್ತೇ ಒಂದು ಕಾಗದ ಬರೀರಿ. ವಾಪಸ್ ತರ‍್ಸಿ. ನಮ್ಮ ಮಾವಂದು ತಪ್ಪಲ್ಲ ಅಂತ ಬರೀರಿ.”

“ಬರುದ್ರೆ ಬಾಗ್ಲಾಕ್ಬೇಕು. ಈ ಹನ್ನೆರಡು ಎಣ್ಮಕ್ಕಳು ಎಲ್ಲೋಗವ್ವ?” ಪುಟ್ಟಮಲ್ಲಪ್ಪನ ದನಿ ಈಗ ಗಡುಸಾಯಿತು. “ದನಿ ತಗ್ಗುಸು. ನಿಮ್ಮಪ್ಪ ಮುದ್ದಯ್ಯ ನಮ್ ಜಮೀನಲ್ಲಿ ಇಪ್ಪತ್ ವರ್ಷ ದುಡುದ. ಒಂದ್ ದಿನ ನನ್ ಮುಂದೆ ಇಂಗೆ ಮಾತಾಡ್ದೋನಲ್ಲ.”

“ಅವ್ರು ಮಾತಾಡ್ಬೇಕಿತ್ತು,” ಎಂದಳು ಕುಮಾರಿ.

ಹೊರಗೆ ಬಂದು ತನ್ನ ಊಟದ ಡಬ್ಬಿ, ಕೊಡೆ ತೆಗೆದುಕೊಂಡಳು. ಪಕ್ಕದ ಮೇಜಿನ ಮೂಗಮ್ಮ ಕೈ ಹಿಡಿದು, “ನಮ್ ಒಟ್ಟೆ ಮ್ಯಾಲೆ ಒಡೀಬ್ಯಾಡ ಕಣಮ್ಮಿ,” ಎಂದಳು. ಕುಮಾರಿಗೆ ಅವಳ ಮೇಲೂ ಸಿಟ್ಟು ಬಂತು. ಕೂಡಲೇ ನಾಚಿಕೆಯೂ ಆಯಿತು. ಕೈ ಬಿಡಿಸಿಕೊಂಡು ನಡೆದಳು.

ಕಾಗದವನ್ನು ಅವಳೇ ಬರೆದಳು. ಅರವತ್ನಾಲ್ಕು ನಂಬರುಗಳನ್ನೂ ಬರೆದಳು. ತನ್ನ ಬಳಿಯ ಡೈರಿಯಲ್ಲಿ ಎಲ್ಲವೂ ಇದ್ದವು. ಎರಡು ಬೋರ್ಡಿನ ಅಳತೆ, ಅಳೆದ ವಿಧಾನ, ಶಾಂತರಾಜು ಅವರ ರುಜು. ಕೊನೆಗೆ, ಈ ಮಿಷಿನ್ನುಗಳನ್ನು ಅಳೆಯದೆಯೇ ಅಳೆದಿದ್ದೇನೆ ಎಂದು ಸಹಿ ಹಾಕಿದವಳು ನಾನು, ಎಂದು ಸೇರಿಸಿದಳು. ಪುಟ್ಟಮಾದು ಓದಿ, “ಈ ಸಾಲು ತಗುದ್ಬುಡು. ನಿನ್ ತಲೆಗೇ ಬತ್ತದೆ,” ಎಂದ.

“ಬರ‍್ಲಿ ಮಾವ. ಆ ಸಾಲಿಲ್ದಿದ್ರೆ ನಾನೂ ದಿಲೀಪನೂ ಒಂದೇ.”

ಇಬ್ಬರೂ ಚಾಮರಾಜನಗರದ ವಿದ್ಯುತ್ ಕಂಪನಿಯ ಕಚೇರಿಗೆ ಹೋಗಿ ಕಾಗದ ಕೊಟ್ಟರು. ಎಂಜಿನಿಯರು ಓದಿ, “ಸಹಿ ಮಾಡಿದವರು ನೀವೇ. ಈಗ ಬಂದು ಹೇಳ್ತಿದ್ದೀರಲ್ಲ?” ಎಂದು ಹುಬ್ಬು ಗಂಟಿಕ್ಕಿದ.

“ಹೌದು, ನಾನೇ. ಅದಕ್ಕೆ ನೋಟಿಸು ನನಗೆ ಕೊಡಿ. ಇವರಿಗಲ್ಲ.” ಅವಳ ದನಿಗೆ ಪಕ್ಕದ ಕೋಣೆಯ ಗುಮಾಸ್ತರೂ ಬಾಗಿಲಿಗೆ ಬಂದರು. “ಇವತ್ತು ಯಾವ ಗುಂಡಿ ಹತ್ರ ಯಾರು ಆ ಮಿಷಿನ್ ನಂಬ್ಕೊಂಡು ನಿಂತವ್ರೋ, ಮೊದ್ಲು ಅವ್ರಿಗೆ ಫೋನ್ ಮಾಡಿ.”

ಅವನು ಕೂಡಲೇ ಮಾಡಲಿಲ್ಲ. ಕೆಳಗೆ ಅಂಗಳದಲ್ಲಿ ಅಂಥದೇ ಒಂದು ಮಿಷಿನ್ನು ಇದೆ ಎಂದು ಪುಟ್ಟಮಾದು ಹೇಳಿದ. ಅದನ್ನು ತರಿಸಿದರು. ಒಂದೂವರೆ ಮೊಳದ ಅಂತರದಲ್ಲಿ ಎರಡು ಕಡೆ ಗಾಯ ಮಾಡಿದ ತುಂಡು ಕೇಬಲ್ಲನ್ನು ಅದಕ್ಕೆ ಜೋಡಿಸಿದರು. ಪರದೆಯ ಮೇಲೆ ಒಂದೇ ಉಬ್ಬು ಎದ್ದಿತು. ಎಂಜಿನಿಯರು ಆ ಉಬ್ಬನ್ನು ಬಹಳ ಹೊತ್ತು ನೋಡಿ ಫೋನು ಎತ್ತಿದ.

ಎರಡು ವಾರದಲ್ಲಿ ಅರವತ್ತೊಂದು ಮಿಷಿನ್ನು ವಾಪಸ್ಸಾದವು. ಉಳಿದ ಮೂರು ಎಲ್ಲಿವೆಯೆಂದು ಯಾರಿಗೂ ಗೊತ್ತಾಗಲಿಲ್ಲ. ಪುಟ್ಟಮಾದುವಿನ ನೋಟಿಸನ್ನು ಹಿಂದಕ್ಕೆ ಪಡೆದರು. ಅವನ ಬಲಗೈಯ ಎರಡು ಬೆರಳು ಮಡಚಲು ಬರುವುದಿಲ್ಲ, ಕಂಬ ಹತ್ತುವುದು ನಿಂತುಹೋಯಿತು. ಕಾರ್ಖಾನೆ ಐದು ವಾರ ಮುಚ್ಚಿ, ಮತ್ತೆ ತೆರೆಯಿತು. ಹೊಸ ಸ್ಕೋಪ್ ಬಂದಿದೆಯಂತೆ. ಮೂಗಮ್ಮ ಬಸ್ ನಿಲ್ದಾಣದಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ.

ಕುಮಾರಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ವಾರಕ್ಕೆರಡು ದಿನ ಶಾಂತರಾಜು ಅವರ ಲ್ಯಾಬಿಗೆ ಹೋಗಿ ಹುಡುಗಿಯರಿಗೆ ಪ್ರೋಬು ಹಿಡಿಯುವುದನ್ನು ಕಲಿಸುತ್ತಾಳೆ. “ಸಾಕು ಬುಡಮ್ಮಿ, ಆ ಸಿಟ್ಟು,” ಎಂದು ಮರಿತಾಯಮ್ಮ ಆಗಾಗ ಹೇಳುತ್ತಾಳೆ. ಕುಮಾರಿ ಬಿಟ್ಟಿಲ್ಲ. ಪ್ರತಿ ಸೋಮವಾರ ಕಚೇರಿಗೆ ಫೋನು ಮಾಡಿ, ಆ ಮೂರು ಮಿಷಿನ್ನು ಸಿಕ್ಕಿದವೇ ಎಂದು ಕೇಳುತ್ತಾಳೆ.