ಪರಿಚಯವಿಲ್ಲದವನ ಮನೆ

ಟ್ರಾಮಿನ ಕಿಟಕಿಯ ಹಬೆಯನ್ನು ಯಾರೋ ಮೊದಲೇ ಒರೆಸಿಹೋಗಿದ್ದಾರೆ, ಆ ಅಂಗೈಯಗಲದ ಕಿಂಡಿಯಲ್ಲಿ ಹಳೆಯ ಬಟ್ಟೆ ಗಿರಣಿಯ ಕೆಂಪು ಗೋಡೆ ಓಡುತ್ತಿದೆ, ಓಡುತ್ತಲೇ ಇದೆ — ಎಷ್ಟುದ್ದ ಕಟ್ಟಿಸಿದ್ದನಪ್ಪ ಪುಣ್ಯಾತ್ಮ, ಈಗ ಅದರೊಳಗೆ ಅಂಗಡಿಗಳಂತೆ, ಗಾಜಿನ ಲೋಟದಲ್ಲಿ ಕಾಫಿಯಂತೆ, ತೆಯೊಫಿಲ್ ಅಲ್ಲೇ ಮಗ್ಗ ರಿಪೇರಿ ಮಾಡುತ್ತಿದ್ದವನು, ಗಿರಣಿ ಮುಚ್ಚಿದ ದಿನ ಒಂದು ಸ್ಪಾನರನ್ನು ಜೇಬಿಗಿಳಿಸಿಕೊಂಡು ಬಂದನಂತೆ, ನನ್ನ ಪಿಂಚಣಿ ಕಣೇ ಇದು ಅನ್ನುತ್ತಿದ್ದ. ಗೆನೊವೆಫಾ ಮಡಿಲಲ್ಲಿದ್ದ ಬ್ರೆಡ್ಡನ್ನು ಮತ್ತೆ ಮುಟ್ಟಿ ನೋಡುತ್ತಾಳೆ, ಇನ್ನೂ ಬೆಚ್ಚಗಿದೆ, ಕಾಗದದಲ್ಲಿ ಕಟ್ಟಿದ ಉಪ್ಪು ಕೋಟಿನ ಜೇಬಿನಲ್ಲಿದೆ, ಹೊಸ ಮನೆಗೆ ಬ್ರೆಡ್ಡು ಉಪ್ಪು ಇಲ್ಲದೆ ಹೋಗಬಾರದು, ಅವಳ ಅಮ್ಮನೂ ಹಾಗೇ ಹೋಗುತ್ತಿದ್ದಳು, ಮನೆಯೆಂಬುದು ಮರೆತುಹೋದರೂ ಮನೆಯ ಶಾಸ್ತ್ರ ಮರೆಯುವುದಿಲ್ಲ ನೋಡು. ಪಕ್ಕದ ಸೀಟು ಖಾಲಿ. ಜನ ನಿಂತಿದ್ದಾರೆ, ಕಂಬಿಗೆ ಜೋತುಬಿದ್ದಿದ್ದಾರೆ, ಆದರೂ ಖಾಲಿ. ನಿನ್ನೆ ಹಿಮ ಕರಗಿಸಿ ನೀರು ಕಾಯಿಸಿ ತಲೆ ತೊಳೆದುಕೊಂಡಿದ್ದಳು, ಕೂದಲು ಪರವಾಗಿಲ್ಲ, ಕೋಟಿನ ವಾಸನೆಯೇ ಇರಬೇಕು — ತೆಯೊಫಿಲ್‌ನ ಕೋಟು, ಹೊಗೆ, ಸೀಮೆಎಣ್ಣೆ, ಅವನು. ನಿಂತಿರಲಿ ಬಿಡು, ಕಾಲು ಅವರದು. ಎದುರಿಗೆ ನಿಂತ ಹೆಂಗಸಿನ ಬೂಟುಗಳಿಂದ ಕರಗಿದ ಹಿಮ ಹರಿದು ತನ್ನ ಬೂಟಿನವರೆಗೂ ಬರುವುದನ್ನು ಅವಳು ನೋಡುತ್ತಾಳೆ, ಯಾರ ಮೇಲೂ ಸಿಟ್ಟಿಲ್ಲ, ನೀರು ಇಳಿಜಾರಿಗೆ ಹರಿಯುತ್ತದೆ, ಅಷ್ಟೆ.

ಊರಂಚಿನ ಕೈತೋಟದ ಗುಡಿಸಲಲ್ಲಿ ಅವಳೂ ತೆಯೊಫಿಲ್ಲೂ ಏಳು ಚಳಿಗಾಲ ಕಳೆದರು, ತೋಟದ ಯಜಮಾನ ಮುದುಕ ಒಳ್ಳೆಯವನು, ಸೇಬಿನ ಮರ ಕಾಯ್ಕೊಂಡು ಬಿದ್ದಿರಿ ಅಂದಿದ್ದ, ಅದಕ್ಕೆ ಮೊದಲು ಅವಳು ರೈಲು ಸ್ಟೇಷನ್ನಿನಲ್ಲಿ, ಅದಕ್ಕೂ ಮೊದಲು ಗಂಡ ಸತ್ತ ಮನೆಯಲ್ಲಿ — ಹಳೆಯ ಮಾಲೀಕನ ಮೊಮ್ಮಕ್ಕಳು ಎಲ್ಲಿಂದಲೋ ಬಂದು ಕಟ್ಟಡ ನಮ್ಮದು ಅಂದರು, ನಲ್ಲಿ ನಿಲ್ಲಿಸಿದರು, ಆಮೇಲೆ ಮೆಟ್ಟಿಲ ದೀಪ, ಆಮೇಲೆ ಬಾಗಿಲನ್ನೇ ಕಳಚಿಕೊಂಡು ಹೋದರು, ಬಾಗಿಲಿಲ್ಲದ ಮನೆಯಲ್ಲಿ ಒಂದು ಹೆಂಗಸು ಎಷ್ಟು ದಿನ ಕೂತಾಳು — ಬೇಡ, ಆ ಕತೆ ಬೇಡ. ಈ ಸಲದ ಜನವರಿಯಲ್ಲಿ ಇಡೀ ಪೋಲೆಂಡೇ ಚಳಿಗೆ ಕಲ್ಲಾಗಿತ್ತು, ತೆಯೊಫಿಲ್‌ನ ಎಡಗಾಲಿನ ಬೆರಳುಗಳು ಮೊದಲು ಬಿಳಿ, ಆಮೇಲೆ ಕಪ್ಪು, ಏನಿಲ್ಲ ಕಣೇ ಮಸಿ ಹತ್ತಿದೆ ಅಂದ, ಮಸಿಯಾದರೆ ಒರೆಸಿದರೆ ಹೋಗಬೇಕಲ್ಲ ಗಾಂಪ, ಅವಳು ಹೈವೇವರೆಗೆ ಓಡಿ ಯಾರ ಕಾರನ್ನೋ ಅಡ್ಡಗಟ್ಟಿ ಆಂಬುಲೆನ್ಸ್ ಕರೆಸಿದಳು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ದಪ್ಪ ನರ್ಸಮ್ಮ ಹಾಸಿಗೆಯ ಚಾದರ ಬದಲಿಸುತ್ತಾ ಅವಳ ಕಿವಿಯ ಹತ್ತಿರ ಬಂದು, ನೋಡಮ್ಮಾ, ನಾಳೆ ನಗರಸಭೆಯೋರು ಬರ್ತಾರೆ, ಯಾರೂ ಇಲ್ಲದ ರೋಗಿಗಳಿಗೆ ತಕ್ಷಣ ಮನೆ ಕೊಡ್ತಾರೆ, ಜೋಡಿ ಅಂದ್ರೆ ದೊಡ್ಡ ಮನೆ ಖಾಲಿ ಆಗೋವರೆಗೂ ಕಾಯ್ಬೇಕು, ಅಲ್ಲೀವರೆಗೆ ಅವ್ನು ಗಂಡಸರ ಆಶ್ರಯದಲ್ಲಿ, ನೀನು ಹೆಂಗಸರ ಆಶ್ರಯದಲ್ಲಿ, ಈ ಕಾಲಿಟ್ಕೊಂಡು ಅಲ್ಲಿ ಮೂವತ್ತು ಜನರ ಮಧ್ಯೆ ಬದುಕ್ತಾನಾ ಹೇಳು. ಬದುಕುವುದಿಲ್ಲ, ಗಾಯ ಕೊಳೆಯುತ್ತದೆ, ಅವಳು ಕಂಡಿದ್ದಾಳೆ ಅಂಥವರನ್ನು. ಮರುದಿನ ಕಿಂಗಾ ಬಂದಳು, ನಗರಸಭೆಯ ಆಸರೆ ವಿಭಾಗದವಳು, ಹಳದಿ ಟೋಪಿ, ಮೂಗು ಸೋರುತ್ತಿತ್ತು, ನೀವು ಇವರಿಗೆ ಏನಾಗಬೇಕು ಅಂತ ಕೇಳಿದಳು. ಏನೂ ಆಗ್ಬೇಕಾಗಿಲ್ಲ ಅಂದಳು ಗೆನೊವೆಫಾ, ಪರಿಚಯವೇ ಇಲ್ಲ, ದಾರೀಲಿ ಬಿದ್ದಿದ್ದ, ಫೋನ್ ಮಾಡಿಸ್ದೆ, ಬರ್ತೀನಿ. ಅವನು ನಿದ್ದೆ ಹೋಗಿದ್ದಾನೆ ಅಂದುಕೊಂಡಿದ್ದಳು. ಬಾಗಿಲಲ್ಲಿ ತಿರುಗಿದರೆ ಕಣ್ಣು ಬಿಟ್ಟುಕೊಂಡು ಮಲಗಿದ್ದ, ಸೂರು ನೋಡುತ್ತಿದ್ದ.

ಆಮೇಲೆ ಒಬ್ಬಳೇ, ಸುಖವಾಗಿಯೇ ಇದ್ದಳು — ಗೊರಕೆಯಿಲ್ಲ, ಒಲೆಗೆ ಯಾರು ಎದ್ದು ಸೌದೆ ಹಾಕಬೇಕೆಂಬ ಜಗಳವಿಲ್ಲ, ಪ್ರತಿ ಸಲ ಅವಳೇ. ಸೂಪು ಮಾತ್ರ ಹೆಚ್ಚಾಗಿ ಉಳಿಯುತ್ತಿತ್ತು, ಕೈ ಅಳತೆ ಮರೆಯಲಿಲ್ಲ. ಹೋದ ವಾರ ಕೆಸರಿನಲ್ಲಿ ಕಾಲೆತ್ತಿ ಕಾಲಿಡುತ್ತಾ ಅದೇ ಹಳದಿ ಟೋಪಿ ತೋಟದ ದಾರಿಯಲ್ಲಿ ಬಂತು, ಪಾನಿ ಗೆನೊವೆಫಾ ನೀವೇ ತಾನೆ, ಪಾನ್ ತೆಯೊಫಿಲ್ ಕಳಿಸಿದ್ರು, ಮನೆ ಸಿಕ್ಕಿದ ದಿನದಿಂದ ನಿಮ್ಮ ಮಾತೇ, ತಟ್ಟೆ ಕೊಟ್ಟರೆ ಇನ್ನೊಂದು ಕೊಡಿ ಅಂತಾರೆ. ಪಾನಿಯಂತೆ, ಪಾನ್ ಅಂತೆ, ಅಮ್ಮಾವ್ರು ಯಜಮಾನ್ರು ಅಂದ ಹಾಗೆ. ನಂಗವ್ನ ಪರಿಚಯ ಇಲ್ಲ ಅಂದಿದ್ನಲ್ಲಮ್ಮ ಅಂದರೆ ಕಿಂಗಾ ಅವಳನ್ನು ಮೇಲಿಂದ ಕೆಳಗೆ ನೋಡಿ, ಪರಿಚಯ ಇಲ್ಲದೋರ ಕೋಟು ಹಾಕ್ಕೊಂಡು ಓಡಾಡ್ತೀರಾ, ಅಂದಳು. ಚೂಟಿ ಹುಡುಗಿ. ಆಮೇಲೆ ಮೂಗೊರೆಸಿಕೊಂಡು, ನೀವು ಆವತ್ತು ಸುಳ್ಳು ಹೇಳೋದೇ ಬೇಕಿರ್ಲಿಲ್ಲ, ಇಬ್ಬರಿಗೂ ಅದೇ ಮನೆ ಕೊಡ್ತಿದ್ವಿ, ಒಂದು ಕೋಣೆ ಸಾಕು ಅಂದಿದ್ರೆ ಆಯ್ತು, ಮದ್ವೆ ಪದ್ವೆ ಯಾರೂ ಕೇಳಲ್ಲ, ಆ ನರ್ಸಮ್ಮ ನಿಮಗೆ ಹೇಳಿದ್ದು ಹಳೇ ರೂಲ್ಸು, ಅವರೇ ನನ್ನ ಹತ್ರ ಒಪ್ಕೊಂಡ್ರು. ಬೇಕಿರಲಿಲ್ಲ. ಬೇಕಿರಲಿಲ್ಲವಂತೆ. ಗೆನೊವೆಫಾ ಆಗ ಎಲೆಕೋಸು ಹೆಚ್ಚುತ್ತಿದ್ದಳು, ಹೆಚ್ಚುವುದನ್ನು ನಿಲ್ಲಿಸಲಿಲ್ಲ, ಇಡೀ ಗಡ್ಡೆ ಮುಗಿಯುವವರೆಗೂ ಹೆಚ್ಚಿದಳು, ಒಬ್ಬಳಿಗೆ ಒಂದು ತಿಂಗಳಿಗಾಗುವಷ್ಟು. ಬರ್ತೀರಾ ಅಂದಳು ಕಿಂಗಾ. ನೋಡ್ತೀನಿ. ನೋಡೋಕಾದ್ರೂ ಬನ್ನಿ. ಈಗ ಇಳಿಯುವ ಸ್ಟಾಪು ಬಂತು, ಟ್ರಾಮು ಕೀಚಲಿಟ್ಟು ನಿಲ್ಲುತ್ತದೆ, ಇಳಿಯದೆ ಹಾಗೇ ಕೊನೆಯವರೆಗೂ ಹೋಗಿ ಸುತ್ತಿ ವಾಪಸು ಬರಬಹುದು, ಚಳಿಯ ದಿನಗಳಲ್ಲಿ ಹಾಗೆ ಎಷ್ಟು ಸಲ ಮಾಡಿಲ್ಲ — ಕಾಲುಗಳು ಅವಳನ್ನು ಕೇಳದೆ ಇಳಿದುಬಿಟ್ಟಿವೆ.

ಸುಣ್ಣ ಹಚ್ಚಿದ ಹಳೆಯ ಕಟ್ಟಡ, ಮೆಟ್ಟಿಲಲ್ಲಿ ದೀಪವಿದೆ, ಯಾರ ಮನೆಯದೋ ಹುರಿದ ಈರುಳ್ಳಿಯ ವಾಸನೆ, ಕೆಳಗೆ ಕಾಯುತ್ತಿದ್ದ ಕಿಂಗಾ ಮುಂದೆ ಮುಂದೆ, ನಾನು ವಾರಕ್ಕೊಮ್ಮೆ ಬರ್ತೀನಿ ಅಷ್ಟೇ ಪಾನಿ, ಕುಡಿದ್ರಿ ಅಂತ ಯಾರೂ ಹೊರಗೆ ಹಾಕಲ್ಲ, ನಿಮಗೂ ಒಂದು ಬೀಗದ ಕೈ ಕೊಡ್ತೀವಿ, ಹಿಡಿಸ್ಲಿಲ್ಲ ಅಂದ್ರೆ ಹೋಗ್ಬಹುದು, ಮತ್ತೆ ಬರ್ಬಹುದು. ಹೋಗಬಹುದು, ಬರಬಹುದು, ಬಾಗಿಲು ಕಳಚುವುದಿಲ್ಲವೇ, ಅದನ್ನು ಕೇಳಬೇಕೆಂದುಕೊಂಡಳು, ಅಷ್ಟರಲ್ಲಿ ಬಾಗಿಲು ತೆರೆಯಿತು, ಬಾಗಿಲಲ್ಲಿ ಯಾರೋ ಮುದುಕ, ಗಡ್ಡವಿಲ್ಲ, ಗದ್ದ ಬೆಳ್ಳಗೆ ಬೇಯಿಸಿದ ಮೊಟ್ಟೆಯ ಹಾಗೆ, ಇಸ್ತ್ರಿಯ ಅಂಗಿ — ಇವನು ಯಾರಪ್ಪ. ಬಂದ್ಯಾ ಅಂದ. ದನಿ ಅವನದೇ. ಬ್ರೆಡ್ ಯಾಕ್ ತಂದೆ, ಕೆಳಗೇ ಬೇಕರಿ ಇದ್ಯಲ್ಲ. ಉಪ್ಪೂ ತಂದಿದೀನಿ, ಅದೂ ಕೆಳಗಿದ್ಯೇನು. ಕಿಂಗಾ ನಕ್ಕಳು, ಅವನು ನಗಲಿಲ್ಲ, ಗೋಡೆಗೆ ಒರಗಿ ಕಾಲಿನ ಭಾರ ಬದಲಿಸಿದ. ನಾನು ನಂಬ್ಬಿಟ್ಟಿದ್ದೆ ಕಣೇ ಅಂದ, ನೀನು ಆವತ್ತು ಅಂದದ್ದನ್ನ, ಒಂದು ವಾರ ನಂಬಿದ್ದೆ. ಆಮೇಲೆ? ಆಮೇಲೆ ನೋವು ಕಮ್ಮಿ ಆಯ್ತು, ಯೋಚ್ನೆ ಮಾಡೋಕಾಯ್ತು. ಒಂದು ವಾರ. ಸೂರು ನೋಡಿಕೊಂಡು ಒಂದು ವಾರ, ಮೂರು ಬೆರಳಿಲ್ಲದೆ, ಯಾರೂ ಇಲ್ಲದೆ, ಅದೂ ಬೇಕಿರಲಿಲ್ಲವಂತೆ — ಒಳಗೆ ಕೆಟಲು ಕೂಗುತ್ತಿದೆ, ಕಿಂಗಾ ಅದರ ನೆಪದಲ್ಲಿ ಅಡುಗೆಮನೆಗೆ ಹೋದಳು. ಬೂಟು ಬಿಚ್ಚು, ನೆಲ ಒರೆಸಿದೀನಿ, ಅಂದ ಅವನು, ಅಲ್ಲಿ ನಿಂಗೆ ತಂದಿಟ್ಟಿದೀನಿ ನೋಡು. ಬಾಗಿಲ ಪಕ್ಕ ಮನೆಯೊಳಗೆ ಹಾಕುವ ಚಪ್ಪಲಿ, ಹೆಂಗಸರದು, ಉಣ್ಣೆಯದು, ಜಾಮೂನು ಬಣ್ಣ, ಸಂತೆಯದಿರಬೇಕು, ಹೊಚ್ಚ ಹೊಸದು. ಚಳಿಗಾಲದಲ್ಲಿ ಅವಳು ಬೂಟು ಬಿಚ್ಚಿದವಳಲ್ಲ, ಬಿಚ್ಚಿದರೆ ಓಡಲಾಗುವುದಿಲ್ಲ, ಬಿಚ್ಚಿದರೆ ಬೆಳಿಗ್ಗೆ ಇರುವುದಿಲ್ಲ, ಕೂತು ಲೇಸಿನ ಗಂಟಿಗೆ ಕೈ ಹಾಕಿದಳು, ಗಂಟು ಕೆಸರು ಹಿಡಿದು ಕಲ್ಲಾಗಿದೆ, ಅವನು ಬಗ್ಗಲಾರ, ನೋಡುತ್ತ ನಿಂತಿದ್ದಾನೆ, ಒಂದು ಬೂಟು ಬಂತು, ಇನ್ನೊಂದೂ ಬಂತು, ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಹೊರಗಿದೆ, ಇರಲಿ, ಎರಡು ಪಾದವನ್ನೂ ಉಣ್ಣೆಯೊಳಗೆ ತೂರಿಸಿ ಎದ್ದು ನಿಂತಳು, ಎಷ್ಟು ಬೆಚ್ಚಗೆ, ಸರಿಯಾಗ್ತದಾ ಅಂದ ಅವನು, ಆಗ್ತದೆ, ಬಾ ಮತ್ತೆ ಒಳಗೆ, ಒಂದು ಹೆಜ್ಜೆ ಎತ್ತಿಡಲು ಹೋದಳು, ಆಗಲಿಲ್ಲ, ಕೆಳಗೆ ನೋಡಿದಳು — ಅಂಗಡಿಯವನು ಎರಡೂ ಚಪ್ಪಲಿಯನ್ನು ಸೇರಿಸಿ ಪೋಣಿಸಿದ್ದ ಬಿಳಿಯ ಪ್ಲಾಸ್ಟಿಕ್ ದಾರ, ಇವನು ಕತ್ತರಿಸುವುದನ್ನು ಮರೆತಿದ್ದಾನೆ, ಕಿಂಗಾ ಒಳಗಿನಿಂದ ಸಕ್ಕರೆ ಎಷ್ಟು ಹಾಕಲಿ ಅಂತ ಕೂಗುತ್ತಿದ್ದಾಳೆ, ಅವನು ಬಾ ಅನ್ನುತ್ತಿದ್ದಾನೆ, ಬರ್ತೀನಿ ತಡಿ, ಕತ್ತರಿ ಎಲ್ಲಿದೆ ಅಂತ ಕೇಳಬೇಕು, ಕೇಳುತ್ತಿಲ್ಲ ಅವಳು, ನಿಂತಿದ್ದಾಳೆ, ದಾರ ನೋಡುತ್ತಿದ್ದಾಳೆ, ಎಡಗಾಲಿನಿಂದ ಬಲಗಾಲಿಗೆ, ಒಂದು ಗೇಣಿನ ದಾರ, ಜೋಡಿ ತಪ್ಪಿಹೋಗದಿರಲೆಂದು ಹಾಕಿದ್ದು, ಬಿಗಿಯಾಗಿ ಹೊಳೆಯುತ್ತಿದೆ, ಆ ದಾರ —