ಬೆನ್ನಿನ ನೀರು

ಸಹಿ ಹಾಕುವುದಿಲ್ಲ ಎಂದು ಹಬೀಂಜು ಒಮ್ಮೆ ಅಂದಮೇಲೆ ಆಸ್ಪತ್ರೆಯಲ್ಲಿ ಅವನೆದುರು ಯಾರೂ ಮಾತೆತ್ತಲಿಲ್ಲ. ಮೊಂಜೆ ಸೀಮೆಯ ಟೋಂಗಾ ಜನರಲ್ಲಿ ಸೋದರಮಾವನ ಮಾತೆಂದರೆ ಕೊನೆಯ ಮಾತು. ಒಳಗೆ ಮಲಗಿದ್ದ ಅವನ ಸೋದರ ಸೊಸೆ ಚೋಲ್ವೆಗೆ ಗಂಡನಿಲ್ಲ, ತಾಯಿ ತೀರಿಕೊಂಡು ಹದಿನೆಂಟು ವರ್ಷ. ಉಳಿದವನು ಈ ಮಾವನೊಬ್ಬನೇ, ಅವನೋ ಮಹಾ ಹಟಮಾರಿ.

ಡಾಕ್ಟರು ಕೇಳಿದ್ದು ಅವಳ ಬೆನ್ನುಮೂಳೆಗೆ ಸೂಜಿ ಹಾಕಿ ಒಂದಿಷ್ಟು ನೀರು ತೆಗೆಯಲು ಒಪ್ಪಿಗೆ. ಬೆನ್ನಿನ ನೀರು ತೆಗೆಸಿಕೊಂಡವರು ಎದ್ದು ಬರುವುದಿಲ್ಲ ಎಂಬುದು ಸಂತೆಯಲ್ಲೂ ಚರ್ಚಿನಲ್ಲೂ ಹಬ್ಬಿದ ಮಾತು. ಹಬೀಂಜುವಿನ ತಂಗಿ, ಇದೇ ಚೋಲ್ವೆಯ ತಾಯಿ, ಹಾಗೆ ತೆಗೆಸಿದ ಮೂರನೇ ದಿನ ಸತ್ತಿದ್ದಳು. ಕರೆತರುವಾಗಲೇ ಅವಳಿಗೆ ಮುಕ್ಕಾಲು ಜೀವ ಹೋಗಿತ್ತು ಎಂಬುದನ್ನು ಮಾತ್ರ ಈ ಪುಣ್ಯಾತ್ಮ ಯಾರಿಗೂ ಹೇಳುತ್ತಿರಲಿಲ್ಲ.

ಚೋಲ್ವೆ ಏಳನೇ ತರಗತಿಗೆ ಲೆಕ್ಕ ಹೇಳಿಕೊಡುವ ಟೀಚರ್. ಹತ್ತು ವರ್ಷದಿಂದ ಎಚ್‌ಐವಿ ಮಾತ್ರೆ ತಪ್ಪಿಸದೆ ನುಂಗಿ ಚೆನ್ನಾಗಿಯೇ ಇದ್ದಳು. ಹೋದ ವರ್ಷ ಬೋರ್ಡಿನ ಮುಂದೆ ನಿಂತವಳಿಗೆ ಏಳರ ಮಗ್ಗಿ ಮರೆಯಿತು. ಆಮೇಲೆ ಕೈ ನಡುಗಿತು, ಮಕ್ಕಳ ಹೆಸರು ಹೋಯಿತು. "ಮಾತ್ರೆ ಕಕ್ಕಸಿಗೆ ಎಸೀತಿದ್ದಾಳೆ" ಎಂದು ಹಬೀಂಜು ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ಹೇಳಿಬಿಟ್ಟ. ಅವಳು ಸತ್ತ ತಾಯಿಯ ಮೇಲೆ ಆಣೆ ಇಟ್ಟರೂ ನಂಬಲಿಲ್ಲ. ಅವಳನ್ನು ಮನೆಗೆ ಕರೆತಂದು, ರೇಡಿಯೋದಲ್ಲಿ ಏಳರ ವಾರ್ತೆ ಶುರುವಾದೊಡನೆ ತಾನೇ ಮಾತ್ರೆ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದ. ಎರಡು ತಿಂಗಳು ಹೀಗೇ ನಡೆಯಿತು. ರಕ್ತ ಪರೀಕ್ಷೆಯಲ್ಲಿ ವೈರಸ್ಸಿನ ಸುಳಿವೇ ಇಲ್ಲ. ಆದರೂ ಹೋದ ವಾರ ಅವಳು, "ನೀವು ಯಾರು?" ಎಂದು ಅವನನ್ನೇ ಕೇಳಿದ್ದಳು.

ನರ್ಸ್ ನಮಕಾವ್ ಬಂದು ಬೆಂಚಿನಲ್ಲಿ ಅವನ ಪಕ್ಕ ಕೂತಳು. ಅವಳು ಹೊಳೆದಂಡೆಯಲ್ಲಿ ಮೀನು ಹಿಡಿದು ಬದುಕುವ ಲೋಜಿ ಕುಲದ ಹೆಂಗಸು. ಲೋಜಿಗಳು ಎಷ್ಟೇ ಗೇಲಿ ಮಾಡಲಿ, ಟೋಂಗಾದವರು ಸಿಟ್ಟಾಗುವಂತಿಲ್ಲ. ತಿರುಗಿ ಗೇಲಿ ಮಾಡಬಹುದು, ಅಷ್ಟೇ; ಹಿರಿಯರ ಕಾಲದಿಂದ ಬಂದ ಸಲುಗೆ. ದನ ಕಾಯುವ ಟೋಂಗಾದವರಿಗೆ ನೀರೆಂದರೆ ಭಯ ಎಂಬುದು ಲೋಜಿಗಳ ಹಳೆಯ ಗೇಲಿ.

"ಏನಯ್ಯಾ ನಮ್ಮ ಜೀತದಾಳು, ಸಹಿ ಹಾಕಲ್ವಂತೆ? ಬರೆಯೋಕೆ ಬರದಿದ್ರೆ ಹೆಬ್ಬೆಟ್ಟು ಒತ್ತು, ನಡೆಯುತ್ತೆ."

"ಮೀನು ತಿನ್ನೋರ ಹತ್ರ ಬುದ್ಧಿ ಕಲಿಯೋ ಗತಿ ನಂಗೆ ಬಂದಿಲ್ಲ. ರಕ್ತ ಚೊಕ್ಕವಾಗಿದೆ ಅಂದೋರು ನೀವೇ. ಮತ್ತೆ ಬೆನ್ನು ಯಾಕೆ ಚುಚ್ತೀರಿ?"

"ಕಫುವೆ ಹೊಳೆ ಉಕ್ಕಿದಾಗ ನಿನ್ನ ದನ ನಡುಗಡ್ಡೇಲಿ ಸಿಕ್ಕಿಕೊಂಡಿದ್ವಲ್ಲ?"

"ನಾಲ್ಕು ಸಿಕ್ಕಿದ್ವು. ಅದಕ್ಕೇನೀಗ?"

"ನೀರು ಹತ್ತು ವರ್ಷ ಇಳೀದೇ ಇದ್ದಿದ್ರೆ? ಅಲ್ಲೇ ಕರು ಹಾಕ್ತಿದ್ವು, ಅಲ್ಲೇ ಬೆಳೀತಿದ್ವು. ಬರ್ತಾ ಬರ್ತಾ ಅವುಗಳ ಬಣ್ಣವೇ ಬೇರೆ ಆಗಿರೋದು. ಈ ವೈರಸ್ಸೂ ಹಾಗೇ. ರಕ್ತದಲ್ಲಿರೋದು ಒಂದು ಥರ, ಮಿದುಳನ್ನೂ ಸುತ್ತಿಕೊಂಡಿರೋ ಈ ಬೆನ್ನಿನ ನೀರಲ್ಲಿರೋದು ಇನ್ನೊಂದು ಥರ ಆಗಿಬಿಡಬಹುದು. ಮಾತ್ರೆ ಬಯಲನ್ನೆಲ್ಲ ಗುಡಿಸಿದೆ. ನಡುಗಡ್ಡೆ ಮುಟ್ಟಿದೆಯೋ ಇಲ್ವೋ ನೋಡಬೇಕು. ಟೋಂಗಾ ಮಾತ್ರೆ ಇರ್ಬೇಕು, ನೀರು ಕಂಡು ದಡದಲ್ಲೇ ನಿಂತಿದೆ."

ಹಬೀಂಜುವಿಗೆ ನಗು ಬರುವುದರಲ್ಲಿತ್ತು, ಬರಲಿಲ್ಲ. "ಅಲ್ಲಿ ಸಿಕ್ಕರೆ, ಅವಳು ಮಾತ್ರೆ ಎಸೆದಿಲ್ಲ ಅಂತಾನಾ?"

ನಮಕಾವ್ ತಮಾಷೆ ಬಿಟ್ಟಳು. "ಎರಡು ತಿಂಗಳು ಕೈಯಾರೆ ನುಂಗಿಸಿದ್ದೀಯ. ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಆದರೆ ಆಡಿದ ಮಾತು ವಾಪಸು ತೆಗೆದುಕೊಳ್ಳಲು ಅದೇ ಚರ್ಚಿನಲ್ಲಿ ಮತ್ತೆ ಎದ್ದು ನಿಲ್ಲಬೇಕಲ್ಲ. ಅದಕ್ಕೆ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಿದ್ದ.

"ನನ್ನ ತಂಗಿ..." ಎಂದ.

"ಅವಳನ್ನ ತಡವಾಗಿ ತಂದ್ರಿ. ಇವಳನ್ನೂ ತಡ ಮಾಡ್ತೀಯಾ?"

ಇಷ್ಟು ವರ್ಷದಲ್ಲಿ ನಮಕಾವ್ ಅವನೊಡನೆ ನಗದೆ ಮಾತಾಡಿದ್ದು ಅದೇ ಮೊದಲು. ಅವನಿಗೆ ನಿಜವಾಗಿ ಭಯವಾಯಿತು. ಪೆನ್ನು ತೆಗೆದುಕೊಂಡು ಸಹಿ ಹಾಕಿದ.

ರಾಜಧಾನಿ ಲುಸಾಕಾದಿಂದ ವರದಿ ಬರಲು ಒಂದು ತಿಂಗಳು ಹಿಡಿಯಿತು. ರಕ್ತ ಚೊಕ್ಕ. ಬೆನ್ನಿನ ನೀರಲ್ಲಿ ಮಾತ್ರ ವೈರಸ್ಸು ಬೇಕಾದಷ್ಟು. ಅದೂ ರೂಪ ಬದಲಿಸಿಕೊಂಡು ಹಳೆಯ ಮಾತ್ರೆಗೆ ಜಗ್ಗದಂತಾಗಿತ್ತು. ಡಾಕ್ಟರು ಬೇರೆ ಮಾತ್ರೆ ಬರೆದರು. "ದೋಣಿ ಸಿಕ್ತಲ್ಲ, ಇನ್ನು ದಾಟು" ಎಂದು ನಮಕಾವ್ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು.

ಚೋಲ್ವೆಯ ನೆನಪು ಮರಳಿ ಬರಲೆಂದು ಹಬೀಂಜು ದಿನವೂ ಪ್ರಾರ್ಥಿಸಿದ. ನಿಧಾನವಾಗಿ ಬಂತು. ಮೊದಲು ಮಗ್ಗಿ ಬಂತು, ಆಮೇಲೆ ಮಕ್ಕಳ ಹೆಸರು. ನಾಲ್ಕನೇ ತಿಂಗಳ ಒಂದು ಸಂಜೆ, ವಾರ್ತೆ ಶುರುವಾಗುತ್ತಲೇ ಅವನು ಮಾತ್ರೆ ಚಾಚಿದ. ಚೋಲ್ವೆ ತಾನೇ ತೆಗೆದುಕೊಂಡು ನುಂಗಿದಳು. ಅವನು ಕೇಳುವ ಮೊದಲೇ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು.

"ಬೇಡಮ್ಮ, ಅದೆಲ್ಲ ಬೇಡ" ಎಂದ.

"ಕಕ್ಕಸಿಗೆ ಎಸೀತಿದ್ದಾಳೆ ಅಂತ ಚರ್ಚಲ್ಲಿ ಹೇಳಿದ್ದು ನೀವೇ ಅಲ್ವಾ, ಮಾವ? ಮೊನ್ನೆಯಿಂದ ನೆನಪಾಗ್ತಿದೆ. ಕನಸೋ ಏನೋ ಗೊತ್ತಾಗ್ತಿಲ್ಲ."

ಕನಸು ಎಂದಿದ್ದರೆ ನಂಬುತ್ತಿದ್ದಳು. ಇಷ್ಟು ತಿಂಗಳು ಯಾವುದು ನಿಜ, ಯಾವುದು ಅಲ್ಲ ಎಂದು ಅವಳಿಗೆ ಹೇಳುತ್ತಿದ್ದವನು ಅವನೇ. ಹಬೀಂಜು ರೇಡಿಯೋ ಆರಿಸಿದ.

"ಕನಸಲ್ಲ. ನಾನೇ ಹೇಳಿದ್ದು. ಸುಳ್ಳು ಹೇಳಿದೆ, ತಾಯಿ."

ಚೋಲ್ವೆ ನೀರಿನ ಲೋಟ ಕೆಳಗಿಟ್ಟಳು. "ಸದ್ಯ. ಹಾಗಾದ್ರೆ ನನ್ನ ತಲೆ ಸರಿಯಾಗಿದೆ."

ಆ ಭಾನುವಾರ ಹಬೀಂಜು ಗಂಟೆ ಹೊಡೆಯುವ ಮೊದಲೇ ಚರ್ಚಿಗೆ ಹೋಗಿ, ಮುಂದಿನ ಬೆಂಚಿನಲ್ಲಿ ಕೂತು ಜನ ಬರುವುದನ್ನು ಕಾಯ್ದ.